ಕಂಬಳಿಯ ಕೆಳಗಿನ ಕೈ

“ಅಪ್ಪಾವರೇ, ನಾನು ಯಾರನ್ನು ನಂಬಲಿ? ನಿಮ್ಮನ್ನೋ, ನನ್ನ ಕೈಯನ್ನೋ?”

ಕೇಳಿದವನು ಅಡಿವೆಪ್ಪ, ಮಠದಲ್ಲಿದ್ದು ಓದುವ ಶಿಷ್ಯ. ಅಂಗಳದ ನಡುವೆ ನಿಂತು, ದಾರಕ್ಕೆ ಕಟ್ಟಿದ ಕಲ್ಲೊಂದನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸುತ್ತಿದ್ದ. ಗುರುಗಳು ಮುರಿಗಯ್ಯನವರು ಜಗಲಿಯ ಮೇಲೆ ಕೂತಿದ್ದರು.

“ಕಲ್ಲು ಒಂದೇ ಸಮನೆ ಸುತ್ತುತ್ತದೆ. ಆದರೂ ಅದಕ್ಕೆ ವೇಗೋತ್ಕರ್ಷ ಇದೆ ಅಂತ ಬೆಳಿಗ್ಗೆ ಪಾಠ ಹೇಳಿದಿರಿ. ಓಟ ಹೆಚ್ಚದಿದ್ದರೂ ದಿಕ್ಕು ಬದಲಾಯಿತಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ ಅಂದಿರಿ. ಇರಲಿ, ಒಪ್ಪಿದೆ. ಆದರೆ ಅದರ ದಿಕ್ಕು ಒಳಕ್ಕೆ, ನಡುವಿನ ಕಡೆಗೆ ಅಂದಿರಲ್ಲ, ಅದನ್ನು ಮಾತ್ರ ಈ ಕೈ ಒಪ್ಪುವುದಿಲ್ಲ. ನೋಡಿ, ಬೆರಳು ಕತ್ತರಿಸುವ ಹಾಗೆ ಹೊರಕ್ಕೆ ಎಳೆಯುತ್ತಿದೆ. ಒಳಕ್ಕೆ ಬರುವುದಿದ್ದರೆ ಇಷ್ಟು ಹೊತ್ತಿಗೆ ನನ್ನ ಹಣೆಗೆ ಬಡಿಯಬೇಕಿತ್ತು.”

“ಬಡಿಯುತ್ತಿತ್ತು. ಕಲ್ಲಿಗೆ ಮುಂದಕ್ಕೂ ಓಟ ಇದೆ, ಅದರಿಂದ ನೀನು ಬದುಕಿದೆ,” ಎಂದರು ಮುರಿಗಯ್ಯನವರು. “ಕಲ್ಲು ಇಳಿಸು. ಕೂತುಕೋ.”

ಮುರಿಗಯ್ಯನವರು ಮಠಕ್ಕೆ ಬರುವ ಮೊದಲು ಉಪ್ಪಿನ ಅಂಗಡಿ ಇಟ್ಟವರು. ಪಾಠ ಹೇಳುವಾಗಲೂ ತಕ್ಕಡಿಯ ಮುಂದೆ ಕೂತಂತೆಯೇ ಮಾತಾಡುತ್ತಿದ್ದರು. ಹೆಚ್ಚು ಹಾಕುತ್ತಿರಲಿಲ್ಲ, ಕಡಿಮೆ ಕೊಡುತ್ತಿರಲಿಲ್ಲ. ಅಡಿವೆಪ್ಪ ಕೂತ. ಬೆರಳಿನ ಮೇಲೆ ದಾರದ ಬರೆ ಕೆಂಪಗೆ ಮೂಡಿತ್ತು. ಅವನು ಅದನ್ನು ಉಜ್ಜಿಕೊಳ್ಳುತ್ತ ಕೇಳತೊಡಗಿದ. ಗುರುಗಳು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿ ಇದ್ದ. ವೀಳ್ಯದೆಲೆಯ ವ್ಯಾಪಾರಿ. ಘಟ್ಟದ ಮೇಲೆ ಎಲೆ ಕೊಂಡು ಘಟ್ಟದ ಕೆಳಗೆ ಮಾರುತ್ತಿದ್ದ. ಸಂಶಯ ಅವನ ಕುಲದೇವರು. ಹಾಲು ತಂದವನ ಎದುರಿಗೇ ಹಾಲಿಗೆ ಬೆರಳಿಟ್ಟು ನೋಡುವವನು. ಬಾಗಿಲು ಹಾಕಿ, ಬೀಗ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುವವನು. ಅದನ್ನು ತಪ್ಪು ಎನ್ನಲಾಗದು. ವ್ಯಾಪಾರಿಗೆ ಸಂಶಯ ಎಂದರೆ ತಕ್ಕಡಿಗೆ ಮುಳ್ಳು ಇದ್ದಂತೆ. ಮುಳ್ಳಿಲ್ಲದ ತಕ್ಕಡಿಯಲ್ಲಿ ತೂಗಿದವನು ಮುಳುಗಿದ. ಆದರೆ ಮುಳ್ಳೇ ಒಂದು ಕಡೆಗೆ ವಾಲಿದ್ದರೆ ತೂಗಿದ್ದೆಲ್ಲ ಕಳ್ಳ ತೂಕವೇ. ಅದನ್ನು ತೋರಿಸಿಕೊಡಲು ಇನ್ನೊಂದು ಮುಳ್ಳು ಇರುವುದಿಲ್ಲ.

ಈ ವ್ಯಾಪಾರಿಗೆ ಒಬ್ಬ ಪಾಲುಗಾರ. ಇಬ್ಬರೂ ಒಟ್ಟಿಗೆ ಎಲೆ ಕೊಳ್ಳುವರು, ಒಟ್ಟಿಗೆ ಮಾರುವರು. ಪಾಲುಗಾರ ನಗುತ್ತ ಮಾತಾಡುವ ಮನುಷ್ಯ. ನಗುವವನನ್ನು ಕಂಡರೆ ವ್ಯಾಪಾರಿಗೆ ಮೊದಲಿನಿಂದಲೂ ಆಗದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಳ್ಳುತ್ತಿದ್ದ. ಆದರೆ ಪಾಲುಗಾರನಿಗೆ ಎಲೆಯ ಗುಣ ಗೊತ್ತು, ಇವನಿಗೆ ಕೊಳ್ಳುವವರ ಗುಣ ಗೊತ್ತು. ಒಬ್ಬನಿಲ್ಲದೆ ಇನ್ನೊಬ್ಬನ ವ್ಯಾಪಾರ ನಡೆಯದು. ಅದಕ್ಕೇ ಜೊತೆಗಿದ್ದರು.

ಎಲೆಯ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿ ಇಲ್ಲ. ಹೇಳಿದರೆ ಪಕ್ಕದವನಿಗೆ ಕೇಳುತ್ತದೆ. ಆದ್ದರಿಂದ ಕೊಳ್ಳುವವನೂ ಮಾರುವವನೂ ಕೈಗಳ ಮೇಲೆ ಒಂದು ವಸ್ತ್ರ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು ಅರ್ಥ, ಎರಡು ಹಿಡಿದರೆ ಇನ್ನೊಂದು. ಅಂಗೈ ಒತ್ತಿದರೆ ಒಪ್ಪಿಗೆ. ಮಣಿಕಟ್ಟು ಹಿಡಿದರೆ ಮಾತು ಮುರಿಯಿತು, ಇನ್ನು ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ ಎಂದು. ಮುಖ ನೋಡಿದರೆ ಇಬ್ಬರೂ ಮಳೆ ಬೆಳೆಯ ಮಾತಾಡುತ್ತಿರುತ್ತಾರೆ. ಕೆಳಗೆ ಕೈಗಳು ಕುತ್ತಿಗೆ ಕೊಯ್ಯುತ್ತಿರುತ್ತವೆ. ಹುಟ್ಟಿದ್ದೇ ಆ ಪೇಟೆಯಲ್ಲಿ ಎಂಬಂತೆ ಬದುಕಿದ್ದ ವ್ಯಾಪಾರಿಗೆ ಬಟ್ಟೆಯ ಕೆಳಗೆ ಯಾರ ಕೈ ತಗುಲಿದರೂ ಅದೊಂದು ಮಾತು.

ಒಂದು ದಿನ ಬೆಳಕು ಹರಿಯುವಾಗ ಇಬ್ಬರೂ ಘಟ್ಟ ಇಳಿಯಲು ಹೊರಟರು. ಎಲೆ ಮಧ್ಯಾಹ್ನದೊಳಗೆ ಕೆಳಗಿನ ಪೇಟೆ ಮುಟ್ಟಬೇಕು, ಇಲ್ಲವಾದರೆ ಬಾಡುತ್ತದೆ. ಬಾಡಿದ ಎಲೆಯನ್ನು ಮೇಕೆಯೂ ಮೂಸುವುದಿಲ್ಲ. ಹಾಗಾಗಿ ಎತ್ತಿನ ಗಾಡಿ ಬಿಟ್ಟು ಕುದುರೆ ಗಾಡಿ ಗೊತ್ತು ಮಾಡಿದ್ದರು. ಗಾಡಿಯ ತುಂಬ ಎಲೆಯ ಪೆಂಡಿಗಳು, ಅವುಗಳ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಇಬ್ಬರೂ ಅಕ್ಕಪಕ್ಕ. ದಾರಿಯ ಉದ್ದಕ್ಕೂ ಬಲಕ್ಕೆ ಬೆಟ್ಟ, ಎಡಕ್ಕೆ ಕಣಿವೆ. ಹಿಡಿದುಕೊಳ್ಳಲು ಆಸರೆ ಎಂದರೆ ಬಲಬದಿಯ ಬಿದಿರಿನ ಗೂಟ ಒಂದೇ. ಎಡಬದಿಯದು ಎಂದೋ ಮುರಿದು ಹೋಗಿತ್ತು. ಪಾಲುಗಾರ ಬಲಕ್ಕೆ ಕೂತ. ವ್ಯಾಪಾರಿ ಪೆಂಡಿಗಳ ಕಟ್ಟು ಜಗ್ಗಿ ನೋಡಿ ಬರುವಷ್ಟರಲ್ಲಿ ಉಳಿದದ್ದು ಎಡಗಡೆಯ ಜಾಗ. ಕಣಿವೆಯ ಬದಿ.

ಕಟ್ಟು ಜಗ್ಗುತ್ತಿದ್ದಾಗ ಅವನು ಒಂದು ಸಂಗತಿ ಗಮನಿಸಿದ್ದ. ಗಾಡಿಯವನು ಪಾಲುಗಾರನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ. ಪಾಲುಗಾರ ತಲೆಯಾಡಿಸಿದ. ಇವನು ಹತ್ತಿರ ಬಂದಾಗ ಗಾಡಿಯವನು ದನಿ ಎತ್ತಿ, “ಸಾವ್ಕಾರ್ರೆ, ಭಾರ ಜಾಸ್ತಿ ಆಯ್ತು. ಈ ಇಳಿಜಾರಿನಲ್ಲಿ ನನ್ನ ಕುದುರೆ ನಿಂದ್ರಲಿಕ್ಕಿಲ್ಲ,” ಎಂದ.

“ಅರ್ಧ ದಾರಿ ತಡಿ ಮಾರಾಯ,” ಎಂದು ಪಾಲುಗಾರ ನಕ್ಕ. “ಅಷ್ಟರಲ್ಲಿ ಭಾರ ತಾನೇ ಇಳಿಯುತ್ತದೆ.”

ವ್ಯಾಪಾರಿ ಏನೂ ಕೇಳಲಿಲ್ಲ. ಕೇಳಿದರೆ ಎದುರಿನವನು ಎಚ್ಚರಗೊಳ್ಳುತ್ತಾನೆ. ಅವನು ಹತ್ತಿ ಕೂತ. ಚಳಿ ಇತ್ತು. ಪಾಲುಗಾರ ತನ್ನ ಕಂಬಳಿಯನ್ನು ಬಿಡಿಸಿ ಇಬ್ಬರ ಮೊಣಕಾಲಿಗೂ ಹೊದಿಸಿದ. ಕೇಳದೆ ಕೊಟ್ಟ ಕಂಬಳಿ. ಅದನ್ನೂ ವ್ಯಾಪಾರಿ ನೆನಪಿನಲ್ಲಿ ಬರೆದುಕೊಂಡ.

ಕುದುರೆ ಓಡತೊಡಗಿತು. ಮೊದಲ ತಿರುವು ಬಂತು. ಬೆಟ್ಟ ಅಲ್ಲಿ ಮೂಗಿನಂತೆ ಮುಂದೆ ಚಾಚಿತ್ತು, ದಾರಿ ಅದನ್ನು ಬಳಸಿ ಬಲಕ್ಕೆ ಸುತ್ತುತ್ತಿತ್ತು. ಗಾಡಿ ಬಲಕ್ಕೆ ತಿರುಗಿದ್ದೇ ತಡ, ವ್ಯಾಪಾರಿ ಎಡಕ್ಕೆ ಜಾರಿದ. ಜಾರಿದ್ದು ಸಾಲದೆಂಬಂತೆ ಪಾಲುಗಾರನ ಭುಜ ಅವನ ಭುಜಕ್ಕೆ ಬಂದು ಬಡಿಯಿತು. ಕೆಳಗೆ ನೋಡಿದ. ಕಣಿವೆಗೆ ತಳ ಕಾಣಲಿಲ್ಲ. ಅದೇ ಗಳಿಗೆಯಲ್ಲಿ ಕಂಬಳಿಯ ಕೆಳಗೆ ಒಂದು ಕೈ ಬಂದು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

ಮಣಿಕಟ್ಟು.

ತಿರುವು ಮುಗಿಯಿತು. ಕೈ ಬಿಟ್ಟಿತು. ಪಾಲುಗಾರ ಮುಂದೆ ನೋಡುತ್ತ, “ಈ ಸಲ ಎಲೆ ಚೆನ್ನಾಗಿದೆ,” ಎಂದ.

ಮೇಲೆ ಎಲೆಯ ಮಾತು, ಕೆಳಗೆ ಮಣಿಕಟ್ಟು. ವ್ಯಾಪಾರಿಗೆ ಇದಕ್ಕಿಂತ ಸ್ಪಷ್ಟವಾದ ಭಾಷೆ ಬೇಕಿರಲಿಲ್ಲ. ಇವನು ಪಾಲು ಮುರಿಯುತ್ತಿದ್ದಾನೆ. ಅಷ್ಟೇ ಆದರೆ ಪೇಟೆಯಲ್ಲಿ ಹೇಳಬಹುದಿತ್ತು. ಕಣಿವೆಯ ಮೇಲೆ, ಭುಜದಿಂದ ನೂಕುತ್ತ ಯಾಕೆ ಹೇಳಬೇಕು? ಅರ್ಧ ದಾರಿಗೆ ಇಳಿಯುವ ಭಾರ ಯಾವುದು ಎಂಬುದು ಈಗ ಅವನಿಗೆ ತಿಳಿಯಿತು.

ಮುಂದೆ ಬೆಟ್ಟ ಒಳಕ್ಕೆ ಮಡಚಿಕೊಂಡಿದ್ದ ಜಾಗ ಬಂತು. ಅಲ್ಲಿ ದಾರಿ ಎಡಕ್ಕೆ ತಿರುಗಿತು. ಈ ಸಲ ವ್ಯಾಪಾರಿಯೇ ಬಲಕ್ಕೆ ಜಾರಿ ಪಾಲುಗಾರನ ಮೇಲೆ ಬಿದ್ದ. ಪಾಲುಗಾರ ಗೂಟಕ್ಕೆ ಅಪ್ಪಚ್ಚಿಯಾದ. “ಅಬ್ಬಬ್ಬಾ, ಮೈ ಬಂದಿದೆಯಲ್ಲೋ ನಿನಗೆ!” ಎಂದು ನಕ್ಕ. ವ್ಯಾಪಾರಿ ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಾನು ಬಿದ್ದರೆ ಅದು ದಾರಿಯ ಗುಣ. ಅವನು ಬಿದ್ದರೆ ಅದು ಅವನ ಬುದ್ಧಿ. ಎಲ್ಲರೂ ಹೀಗೇ ತೂಗುತ್ತಾರೆ. ಇವನು ಸ್ವಲ್ಪ ಹೆಚ್ಚು ತೂಗಿದ.

ಮತ್ತೊಂದು ಮೂಗು ಬಂತು. ಮತ್ತೆ ಭುಜ, ಮತ್ತೆ ಮಣಿಕಟ್ಟು. ಅದರಾಚೆ ಇನ್ನೊಂದು. ಆಗಲೂ ಹಾಗೆಯೇ.

ವ್ಯಾಪಾರಿ ಹೆದರಿ ಕೂರುವವನಲ್ಲ. ಸರಕಿನ ಮೇಲೆ ಅನುಮಾನ ಬಂದರೆ ಒರೆಗೆ ಹಚ್ಚಿ ನೋಡುವವನು. ಅವನು ಕಾಲ ಬುಡದಿಂದ ಒಂದು ಪೆಂಡಿ ಎತ್ತಿ ತಮ್ಮಿಬ್ಬರ ನಡುವೆ ಇಟ್ಟ. ಭುಜ ಮುಟ್ಟದಿದ್ದರೆ ನೂಕುವುದು ಹೇಗೆ, ನೋಡೋಣ ಎಂದುಕೊಂಡ.

“ಇದೇನು ಮಾರಾಯ, ನಡುವೆ ಹೊಸ ಸೊಸೆ ಕೂರಿಸಿದ ಹಾಗೆ?” ಎಂದ ಪಾಲುಗಾರ.

“ಕೆಳಗಿದ್ದರೆ ಜಜ್ಜಿ ಹೋಗುತ್ತದೆ,” ಎಂದ ವ್ಯಾಪಾರಿ.

ಮೂಗು ಬಂತು. ಗಾಡಿ ಬಲಕ್ಕೆ ತಿರುಗಿತು. ಪೆಂಡಿ ಬಂದು ವ್ಯಾಪಾರಿಯ ಪಕ್ಕೆಗೆ ಒತ್ತಿತು. ಎಲೆಗೆ ಕೈಯಿಲ್ಲ, ಕಾಲಿಲ್ಲ, ಪಾಲಿನ ಮೇಲೆ ಆಸೆಯೂ ಇಲ್ಲ. ಆದರೂ ಅದು ಪಾಲುಗಾರ ಒತ್ತಿದಂತೆಯೇ ಒತ್ತಿತು. ಅಲ್ಲೇ ನಿಂತು ಯೋಚಿಸಿದ್ದರೆ ಈ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಂಶಯ ಸಾಕಿದ ನಾಯಿಯಂತೆ. ಬೇರೆ ಬಾಗಿಲಿಗೆ ಹೋಗೆಂದರೂ ಹೋಗುವುದಿಲ್ಲ. ಪಾಲುಗಾರ ಮೊಣಕಾಲಿನಿಂದ ಪೆಂಡಿಯನ್ನು ನೂಕಿದ ಎಂದು ವ್ಯಾಪಾರಿ ತೀರ್ಮಾನಿಸಿದ. ಅಷ್ಟರಲ್ಲಿ ಪೆಂಡಿಯ ಮೇಲಿಂದ ಕೈ ದಾಟಿ ಬಂದು, ಹುಡುಕಿ, ಅವನ ಮಣಿಕಟ್ಟು ಹಿಡಿದೇ ಬಿಟ್ಟಿತ್ತು.

ಅರ್ಧ ದಾರಿಯಲ್ಲಿ ಒಂದು ಚಹಾದ ಅಂಗಡಿ. ಗಾಡಿ ನಿಂತಿತು. ಅಂಗಡಿಯವನು ಓಡಿ ಬಂದು ಹಿಂದಿನ ಸಾಲಿನ ಪೆಂಡಿಗಳನ್ನು ಇಳಿಸಿಕೊಳ್ಳತೊಡಗಿದ. ಅವು ಅವನು ಹೇಳಿಟ್ಟ ಎಲೆಗಳು. ಪಾಲುಗಾರ ಗಾಡಿಯವನತ್ತ ತಿರುಗಿ, “ಹೇಳಿದೆನಲ್ಲ, ಭಾರ ಇಳಿಯುತ್ತದೆ ಅಂತ,” ಎಂದ. ವ್ಯಾಪಾರಿ ಕೇಳಿಸಿಕೊಂಡ. ಹೌದು, ಇದಕ್ಕೇ ಹೇಳಿರಬಹುದು. ಇಲ್ಲವೇ ಇದು ಇರುತ್ತದೆ ಎಂದು ಗೊತ್ತಿದ್ದೇ ಆ ಮಾತು ಆಡಿರಬಹುದು. ಬುದ್ಧಿವಂತ ಕಳ್ಳ ಮೊದಲು ನೆಪ ಹುಡುಕಿಕೊಂಡು ಆಮೇಲೆ ಕನ್ನ ಕೊರೆಯುತ್ತಾನೆ.

ಪಾಲುಗಾರ ಆಚೆ ನಿಂತು ತನ್ನ ಎಡಗೈಯನ್ನು ನೋಡಿಕೊಳ್ಳುತ್ತಿದ್ದ. ಬೆರಳುಗಳನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ, ಇನ್ನೊಂದು ಕೈಯಿಂದ ಒಂದೊಂದನ್ನೇ ನೀವುತ್ತಿದ್ದ. ವ್ಯಾಪಾರಿ ಚಹಾದ ಲೋಟದ ಮೇಲಿಂದ ಅದನ್ನೇ ದಿಟ್ಟಿಸಿದ. ಬೆರಳು ಮಡಚುವುದು, ಬಿಚ್ಚುವುದು. ಯಾರಿಗೆ ಯಾವ ದರ ಹೇಳಲು ಅಭ್ಯಾಸ ಮಾಡುತ್ತಿದ್ದಾನೆ? ಕೆಳಗಿನ ಪೇಟೆಯಲ್ಲಿ ತಾನಿಲ್ಲದ ದಿನಕ್ಕೆ ಈಗಲೇ ಕೈ ಪಳಗಿಸುತ್ತಿದ್ದಾನೆಯೇ?

ಹೊರಡುವಾಗ ವ್ಯಾಪಾರಿ, “ಈ ಬದಿ ಕೂತು ಸೊಂಟ ಹಿಡಿದಿದೆ. ಜಾಗ ಬದಲಾಯಿಸೋಣ,” ಎಂದ.

“ಅದಕ್ಕೇನು, ಬಾ,” ಎಂದು ಪಾಲುಗಾರ ಎದ್ದು ಕಣಿವೆಯ ಬದಿಗೆ ಹೋಗಿ ಕೂತ.

ಚೌಕಾಸಿ ಇಲ್ಲ. ಯಾಕೆ ಎಂಬ ಮಾತಿಲ್ಲ. ಕೇಳಿದ ಬೆಲೆಗೆ ಒಂದೇ ಸಲಕ್ಕೆ ಒಪ್ಪಿದವನನ್ನು ವ್ಯಾಪಾರಿ ಜನ್ಮದಲ್ಲಿ ನಂಬಿದವನಲ್ಲ. ಅವನು ಬಲಕ್ಕೆ ಕೂತು, ಬಿದಿರಿನ ಗೂಟವನ್ನು ಬಲಗೈಯಿಂದ ಹಿಡಿದ. ಪಾಲುಗಾರ ಕಂಬಳಿ ಹೊದಿಸಿದ.

“ಈಗ ನೀನು ಒಳಗಿನವನು,” ಎಂದ. “ಗೂಟ ಬಿಡಬೇಡ. ನನ್ನ ಕೈಯನ್ನೂ ಬಿಡಬೇಡ.”

ಒಂದು ಕೈ ಗೂಟಕ್ಕೆ, ಒಂದು ಕೈ ಇವನಿಗೆ. ಎರಡೂ ಕೈ ಕಟ್ಟಿಹಾಕುವ ಹೂಟ ಎಂದುಕೊಂಡ ವ್ಯಾಪಾರಿ. “ಆಯ್ತು” ಎಂದ.

ಮೂಗಿನ ತಿರುವು ಬಂತು. ವ್ಯಾಪಾರಿ ಎಡಕ್ಕೆ ಜಾರಿ ಪಾಲುಗಾರನ ಮೇಲೆ ಬಿದ್ದ. ಬಿದ್ದು, ಅವನ ಭುಜವನ್ನು ತನ್ನ ಭುಜದಿಂದ ಒತ್ತಿದ. ತಾನು ಬೇಕೆಂದು ಒತ್ತುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕಾಲೂರಿ ತಡೆದುಕೊಂಡರೂ ಮೈ ನಿಲ್ಲಲಿಲ್ಲ. ಹಿಂದೆ ಪಾಲುಗಾರ ಎಲ್ಲಿ ಕೂತು ನೂಕಿದನೋ ಅಲ್ಲೇ ಕೂತು ಈಗ ಇವನು ನೂಕುತ್ತಿದ್ದ, ಮನಸ್ಸಿನಲ್ಲಿ ನೂಕುವ ಉದ್ದೇಶ ಎಳ್ಳಷ್ಟೂ ಇಲ್ಲದೆ. ಒಂದು ಗಳಿಗೆ ಅವನ ತಲೆಯಲ್ಲಿ ಏನೋ ಹೊಳೆಯಲು ನೋಡಿತು. ಅಷ್ಟರಲ್ಲಿ ಕಂಬಳಿಯ ಕೆಳಗೆ ಮಣಿಕಟ್ಟಿಗೆ ಕೈ ಬಿತ್ತು. ಆ ಕೈ ಎಳೆಯಿತು. ಹೊಳೆಯಬೇಕಾದದ್ದು ಆರಿಹೋಯಿತು.

ತಾನು ಕಣಿವೆಯ ಬದಿಗಿದ್ದಾಗ ನೂಕಿದ. ಈಗ ಅವನೇ ಕಣಿವೆಯ ಬದಿಗಿದ್ದಾನೆ, ಎಳೆಯುತ್ತಿದ್ದಾನೆ. ಇವನು ಎಲ್ಲಿ ಕೂತರೂ ತನಗೆ ಕಣಿವೆಯೇ ಗತಿ ಎಂದು ವ್ಯಾಪಾರಿ ನಿಶ್ಚಯಿಸಿದ.

ಕೊನೆಗೆ ದೊಡ್ಡ ತಿರುವು. ಗಾಡಿಯವರು ಅದನ್ನು ಅತ್ತೆಯ ಮೂಗು ಎಂದು ಕರೆಯುತ್ತಿದ್ದರು, ಎಷ್ಟು ಬಳಸಿದರೂ ಮುಗಿಯುವುದಿಲ್ಲ ಎಂದು. ಇಳಿಜಾರಿನಲ್ಲಿ ಕುದುರೆಯ ಓಟ ಹೆಚ್ಚಿತ್ತು. ಗಾಡಿಯವನು ಲಗಾಮು ಜಗ್ಗಿ, ಹಿಂದೆ ನೋಡದೆ, “ಹಿಡ್ಕೊಳ್ರಿ!” ಎಂದು ಕೂಗಿದ. ಗಾಡಿ ಬಲಕ್ಕೆ ತಿರುಗಿತು. ಪಾಲುಗಾರನ ಕೈ ಬಂದು ಮಣಿಕಟ್ಟು ಹಿಡಿಯಿತು. ಹಿಂದೆಂದಿಗಿಂತ ಬಿಗಿಯಾಗಿ ಹಿಡಿದು ಎಳೆಯಿತು.

ವ್ಯಾಪಾರಿ ಕೈ ಕಿತ್ತುಕೊಂಡ.

ಕೂಗು ಕೇಳಲಿಲ್ಲ. ಪಕ್ಕದ ಜಾಗ ಖಾಲಿಯಾಯಿತು. ಅಂಚಿನ ಒಂದು ಪೆಂಡಿಯೂ ಅವನ ಜೊತೆಗೇ ಹೋಗಿತ್ತು. ಕಂಬಳಿ ಮಾತ್ರ ವ್ಯಾಪಾರಿಯ ಮೊಣಕಾಲ ಮೇಲೆ ಉಳಿದಿತ್ತು.

ಗಾಡಿ ನಿಂತಿತು. ಗಾಡಿಯವನು ತಿರುಗಿ ನೋಡಿ, “ಅಯ್ಯೋ, ಯಾರು ಕೈ ಬಿಟ್ಟದ್ದು?” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ವ್ಯಾಪಾರಿ ತನ್ನ ಮಣಿಕಟ್ಟು ಮುಟ್ಟಿಕೊಂಡ.

“ಮೇಲೆ ಹತ್ತುವಾಗಲೇ ಹೇಳಿದ್ದೆನಲ್ಲ ಅವರಿಗೆ,” ಎಂದ ಗಾಡಿಯವನು. “ಒಳಗೆ ಕೂತವನು ಗೂಟ ಹಿಡೀಬೇಕು, ಹೊರಗೆ ಕೂತವನ ಕೈ ಹಿಡೀಬೇಕು ಅಂತ. ನಿಮಗೆ ಹೇಳಿದರೆ ಗಾಡಿ ಬೇಡ ಅಂತೀರಿ, ದೋಸ್ತರಿಗೆ ಹೇಳೋಣ ಅಂದುಕೊಂಡೆ.”

ವ್ಯಾಪಾರಿ ಗಾಡಿಯಿಂದ ಧುಮುಕಿದ. ತಿರುವಿನ ಬಾಯಿಗೆ ಹಿಂದಕ್ಕೆ ಓಡಿದ. ಕೈ ಬಿಟ್ಟ ಜಾಗ ಅವನಿಗೆ ನೆನಪಿತ್ತು, ಅಲ್ಲೊಂದು ಮೈಲಿಗಲ್ಲು. ಅಲ್ಲಿ ನಿಂತು, ಬೆಟ್ಟಕ್ಕೆ ಬೆನ್ನು ಹಾಕಿ, ನೇರ ಕಣಿವೆಗೆ ಬಗ್ಗಿ ನೋಡಿದ. ಎಳೆತ ಆ ಕಡೆಗಿತ್ತು, ಹೋದವನು ಆ ಕಡೆಗೇ ಹೋಗಿರಬೇಕು. ಅಲ್ಲಿ ಬೋಳು ಬಂಡೆ ಇತ್ತು. ಬಂಡೆಯ ಮೇಲೆ ಏನೂ ಇರಲಿಲ್ಲ. ಒಂದು ಎಲೆಯೂ ಇರಲಿಲ್ಲ.

ಆಗಲೂ, ಹೇಳುವುದಕ್ಕೆ ನಾಚಿಕೆಯಾಗಬೇಕು, ಅವನ ಮನಸ್ಸು ಕೇಳಿದ್ದು ಒಂದೇ: ಎಲ್ಲಿ ಅಡಗಿ ಕೂತಿದ್ದಾನೆ?

ಆಮೇಲೆ ಎಲೆ ಕಾಣಿಸಿತು. ಬಿದ್ದ ಪೆಂಡಿಯ ಕಟ್ಟು ಹರಿದು ಎಲೆ ಚೆಲ್ಲಿದ್ದವು. ಆದರೆ ಅವನು ಹುಡುಕುತ್ತಿದ್ದ ಕಡೆಗಲ್ಲ. ಮೈಲಿಗಲ್ಲಿನ ಹತ್ತಿರ ಒಂದು ಎಲೆ, ಅದರ ಮುಂದೆ ಎರಡು, ದಾರಿಯ ಅಂಚಿನಲ್ಲಿ ಒಂದು ಹಿಡಿ, ಅಂಚು ದಾಟಿ ಇಳಿಜಾರಿನ ಹುಲ್ಲಿನ ಮೇಲೆ ಒಂದು ಮೊರದಷ್ಟು. ಯಾರೋ ದಾರ ಹಿಡಿದು ಹಾಕಿದಂತೆ ಒಂದೇ ಗೆರೆ. ವ್ಯಾಪಾರಿ ಗೆರೆಯ ಬುಡದಲ್ಲಿ ನಿಂತು ಹಿಂದಕ್ಕೆ ನೋಡಿದ. ತಾವು ಬಂದ ದಾರಿ ಕಂಡಿತು. ಮುಂದಕ್ಕೆ ನೋಡಿದ. ಎಲೆಯ ಗೆರೆ ಕಂಡಿತು. ಎರಡೂ ಒಂದಕ್ಕೊಂದು ಕೂಡಿಕೊಂಡವು. ಬಂದ ದಾರಿ ತಿರುಗದೆ ಮುಂದುವರಿದಿದ್ದರೆ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಎಲೆ ಹೋಗಿದ್ದವು.

ಅವನು ವ್ಯಾಪಾರಿ. ಸರಕು ಹೋದ ಜಾಡು ಕಂಡ ಮೇಲೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಾಲುಗಾರನನ್ನು ಯಾರೂ ಹೊರಗೆ ನೂಕಿರಲಿಲ್ಲ. ಹೊರಗಿನಿಂದ ಯಾರೂ ಎಳೆದೂ ಇರಲಿಲ್ಲ. ಅವನು ಹೋಗುತ್ತಿದ್ದ ಕಡೆಗೇ ನೆಟ್ಟಗೆ ಹೋಗಿದ್ದ. ತಿರುಗಿದ್ದು ಗಾಡಿ. ಗಾಡಿಯ ಜೊತೆ ತಿರುಗಬೇಕಾದರೆ ಗಳಿಗೆ ಗಳಿಗೆಗೂ ಯಾರಾದರೂ ಬೆಟ್ಟದ ಕಡೆಗೆ, ಒಳಕ್ಕೆ, ಎಳೆಯುತ್ತಲೇ ಇರಬೇಕು. ಒಳಗಿನವನನ್ನು ಗೂಟ ಎಳೆಯುತ್ತದೆ, ಹೊರಗಿನವನನ್ನು ಒಳಗಿನವನು ಎಳೆಯುತ್ತಾನೆ. ಬೆಳಗಿನಿಂದ ಅಷ್ಟು ತಿರುವಿನಲ್ಲಿ ತಾನು ನೆಟ್ಟಗೆ ಕಣಿವೆಗೆ ಹೋಗದೆ ಹಲಗೆಯ ಮೇಲೆ ಉಳಿದದ್ದು ಹೇಗೆ ಎಂದು ಅವನು ಈಗ ಕೇಳಿಕೊಂಡ. ಭುಜ ನೂಕಿದ ಲೆಕ್ಕ ಅವನ ಹತ್ತಿರ ಇತ್ತು. ಕೈ ಎಳೆದ ದಿಕ್ಕು ಯಾವುದು ಎಂದು ಅವನು ಒಂದು ಸಲವೂ ನೋಡಿರಲಿಲ್ಲ. ಅದು ಒಳಕ್ಕೆ ಇತ್ತು.

ಅವನು ಎಲೆಯ ಗೆರೆ ಹಿಡಿದು ಇಳಿದ. ಗೆರೆಯ ಕೊನೆಗೆ ಒಂದು ಮುಳ್ಳಿನ ಪೊದೆ, ಪೊದೆಯಲ್ಲಿ ಪಾಲುಗಾರ. ಜೀವ ಇತ್ತು. ಬಲಗಾಲು ಮುರಿದಿತ್ತು. ಪೊದೆಯ ಆಚೆಗೆ ನೆಲ ಇರಲಿಲ್ಲ.

“ಯಾಕೆ ಬಿಟ್ಟೆಯೋ?” ಎಂದ ಪಾಲುಗಾರ.

“ನೀನು ಎಳೆದೆ,” ಎಂದ ವ್ಯಾಪಾರಿ. ಬಾಯಿಗೆ ಬಂದದ್ದು ಅಷ್ಟೇ.

“ಬೀಳುವವನು ಎಳೆಯದೆ ಮುದ್ದು ಮಾಡುತ್ತಾನೆಯೇ? ಬೆಳಗಿನಿಂದ ನಿನ್ನ ಭಾರ ಎಳೆದೂ ಎಳೆದೂ ನನ್ನ ಬೆರಳು ಸೆಟೆದು ಹೋಗಿದ್ದವು. ನಾನು ಬಿಟ್ಟೆನೇ?”

ವ್ಯಾಪಾರಿ ಪೊದೆಯ ಮೇಲೆ ಬಗ್ಗಿದ. ಕೈ ಚಾಚಿದ. ಪಾಲುಗಾರ ಆ ಕೈಯನ್ನು ನೋಡಿದ, ಬಹಳ ಹೊತ್ತು ನೋಡಿದ. ಅವನಿಗೂ ಎಲೆಪೇಟೆಯ ಭಾಷೆ ಗೊತ್ತು. ಕೊನೆಗೆ ತನ್ನ ಕೈ ಎತ್ತಿ ವ್ಯಾಪಾರಿಯ ಬೆರಳುಗಳನ್ನು ದಾಟಿ, ಅಂಗೈಯನ್ನು ದಾಟಿ, ಮಣಿಕಟ್ಟು ಹಿಡಿದ. ಮೇಲೆ ಬರಲು ಹಿಡಿದನೋ, ಮಾತು ಮುರಿಯಿತು ಎಂದು ಹಿಡಿದನೋ, ವ್ಯಾಪಾರಿಗೆ ಓದಲಾಗಲಿಲ್ಲ. ಜೀವಮಾನವಿಡೀ ಕೈಗಳನ್ನು ಓದಿದವನು.

ಗಾಡಿಯವನೂ ಸೇರಿ ಅವನನ್ನು ಮೇಲೆ ತಂದು ಹಲಗೆಯ ಮೇಲೆ ಕೂರಿಸಿದರು. ವ್ಯಾಪಾರಿ ಗೂಟ ಹಿಡಿದು, ಇನ್ನೊಂದು ಕೈಯನ್ನು ಪಾಲುಗಾರನ ಕಡೆಗೆ ಕೊಟ್ಟ. ಪಾಲುಗಾರ ಗಾಡಿಯವನನ್ನು ಕರೆದ.

“ಮಾರಾಯ, ಒಂದು ಹಗ್ಗ ಇದ್ದರೆ ನನ್ನ ಸೊಂಟಕ್ಕೂ ಗೂಟಕ್ಕೂ ಬಿಗಿ. ಹಗ್ಗ ವಾಸಿ. ಅದು ಯೋಚನೆ ಮಾಡುವುದಿಲ್ಲ.”

ಗಾಡಿ ಕೆಳಗಿನ ಪೇಟೆ ಮುಟ್ಟುವಾಗ ಹೊತ್ತು ಇಳಿದಿತ್ತು. ಎಲೆ ಬಾಡಿತ್ತು. ಅದರ ನಷ್ಟವನ್ನು ಇಬ್ಬರೂ ಸಮನಾಗಿ ಹೊತ್ತರು. ಅದೇ ಅವರು ಒಟ್ಟಿಗೆ ಮಾಡಿದ ಕೊನೆಯ ವ್ಯವಹಾರ.

ಮುರಿಗಯ್ಯನವರು ಇಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ ಕಲ್ಲನ್ನು ಕೈಗೆತ್ತಿಕೊಂಡ. ಆಮೇಲೆ ಎದ್ದು ಅಂಗಳಕ್ಕೆ ಇಳಿದು ಮತ್ತೊಮ್ಮೆ ಅದನ್ನು ಬೀಸಿದ. ಕಲ್ಲು ಸುತ್ತಿತು. ಓಟ ಜೋರಾದಾಗ ದಾರ ಬಿಟ್ಟ. ಕಲ್ಲು ಅವನ ಕೈಯಿಂದ ಹೊರಕ್ಕೆ ಸಿಡಿಯಲಿಲ್ಲ. ಬಿಟ್ಟ ಗಳಿಗೆಯಲ್ಲಿ ಅದರ ಮೂತಿ ಯಾವ ಕಡೆಗಿತ್ತೋ ಆ ಕಡೆಗೆ, ದಾರಕ್ಕೆ ಅಡ್ಡವಾಗಿ, ನೆಟ್ಟಗೆ ಹೋಗಿ ಮಠದ ಗೋಡೆಗೆ ಬಡಿಯಿತು. ಅವನು ಹೋಗಿ ಕಲ್ಲು ಎತ್ತಿಕೊಂಡು ಬಂದ. ಮುಖದಲ್ಲಿ ಅನುಮಾನ ಪೂರ್ತಿ ಹೋಗಿರಲಿಲ್ಲ.

“ಅಪ್ಪಾವರೇ, ಕಲ್ಲಿನ ಮಾತು ಒಪ್ಪಿದೆ. ಅದನ್ನು ನಾನೇ ಒಳಕ್ಕೆ ಎಳೆಯುತ್ತಿದ್ದೇನೆ, ಎಳೆಯದಿದ್ದರೆ ಅದು ತಿರುಗುವುದಿಲ್ಲ. ಆದರೆ ಈ ಕೈ?” ಎಂದು ದಾರದ ಬರೆ ಬಿದ್ದ ಬೆರಳನ್ನು ಗುರುಗಳ ಮುಂದೆ ಚಾಚಿದ. “ಇದು ಸುಳ್ಳು ಹೇಳಿಲ್ಲ. ಇದನ್ನು ಹೊರಕ್ಕೆ ಎಳೆದದ್ದಂತೂ ನಿಜ. ಅದಕ್ಕೇನು ಹೇಳುತ್ತೀರಿ?”

ಮುರಿಗಯ್ಯನವರು ಆ ಬೆರಳನ್ನು ಹಿಡಿದು ನೋಡಿ, ಬಿಟ್ಟು, ಹೇಳಿದರು:

“ಒಳಗೆ ಉಳಿಸಿಕೊಳ್ಳುವ ಕೈಗೆ ಹೊರಗಿನ ಎಳೆತವೇ ಕೂಲಿ.”